ಹಂಚಿನ ಮನೆಯಲ್ಲಿ ಗಿಟಾರು ಆಲ್ಬಮ್: ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯ ಲೇಖನ ಅಮೆರಿಕದ ಫೋಕ್ ಮತ್ತು ಕಂಟ್ರಿ ಸಂಗೀತದ ಒಂದು ಬಗೆಯ ಆಲ್ಬಮ್‌ಗಳ ಬಗ್ಗೆ ಇತ್ತು. ಒಂದು ಅಕೂಸ್ಟಿಕ್ ಗಿಟಾರು, ಒಂದು ದನಿ, ಅಪರೂಪಕ್ಕೆ ಹಾರ್ಮೋನಿಕಾ. ಡ್ರಮ್ಸ್ ಇಲ್ಲ, ಬೇಸ್ ಇಲ್ಲ, ಹಾಡುಗಳೆಲ್ಲ ನಿಧಾನ, ಎಲ್ಲವೂ ದುಃಖದ್ದೇ. ಅದನ್ನು ಓದಿ ಮಂಗಳೂರು, ಉಡುಪಿ ಕಡೆಯಿಂದ ಪತ್ರ ಬರೆದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ: ಇಂಥದ್ದನ್ನು ನಮ್ಮ ಮನೆಯಲ್ಲಿ ನಾವೇ ಮಾಡುವುದು ಹೇಗೆ? ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಇಂಥ ಆಲ್ಬಮ್‌ಗೆ ಸ್ಟುಡಿಯೋ ಬೇಕೇ ಬೇಕಾ? ನಮ್ಮದು ಹಳೆಯ ಹಂಚಿನ ಮನೆ. ಒಂದು ಕಂಡೆನ್ಸರ್ ಮೈಕು ಉಂಟು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಎರಡು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್ ಉಂಟು. ಸಾಕಾಗ್ತದಾ? (ಕಟಪಾಡಿಯ ಓದುಗರು)

ಉತ್ತರ: ಸಾಕು. ಈ ಬಗೆಯ ಸಂಗೀತದ ಮಾತು ಬಂದಾಗ ಎಲ್ಲರೂ ಹೆಸರು ಹೇಳುವ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ನೆಬ್ರಾಸ್ಕಾ’ (1982) ರೆಕಾರ್ಡ್ ಆದದ್ದು ನ್ಯೂಜೆರ್ಸಿಯ ಒಂದು ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ. ಟಿಯಾಕ್ 144 ಎಂಬ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ, ಎರಡು ಶ್ಯೂರ್ ಎಸ್‌ಎಂ57 ಮೈಕು, ಅಷ್ಟೇ. ಬ್ಯಾಂಡಿನವರಿಗೆ ಕೇಳಿಸಲಿಕ್ಕೆಂದು ಮಾಡಿದ ಕಚ್ಚಾ ಪ್ರತಿ ಅದು. ಬ್ಯಾಂಡ್ ಜೊತೆ ಮತ್ತೆ ನುಡಿಸಿ ನೋಡಿದರು, ಹೊಂದಲಿಲ್ಲ, ಕೊನೆಗೆ ಆ ಕ್ಯಾಸೆಟ್ಟೇ ಆಲ್ಬಮ್ ಆಯಿತು. ನಿಮ್ಮ ಇಂಟರ್‌ಫೇಸ್ ಆ ಯಂತ್ರಕ್ಕಿಂತ ಎಷ್ಟೋ ಶುದ್ಧವಾಗಿ ಹಿಡಿಯುತ್ತದೆ.

ನಿಮಗೆ ತೊಂದರೆ ಕೊಡುವುದು ಕೋಣೆ. ಹತ್ತು ವಾದ್ಯ ಇರುವ ಹಾಡಿನಲ್ಲಿ ಕೋಣೆಯ ಸದ್ದು ಮುಚ್ಚಿಹೋಗುತ್ತದೆ, ಇಲ್ಲಿ ಮುಚ್ಚಲಿಕ್ಕೆ ಏನೂ ಇಲ್ಲ. ಖಾಲಿ ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಬಾಲದಲ್ಲಿ ‘ಟ್ರ್‌ರ್’ ಎಂದು ಕೇಳಿದರೆ ಎದುರುಬದುರು ಗೋಡೆಗಳ ನಡುವೆ ಸದ್ದು ಹೋಗಿ ಬಂದು ಮಾಡುತ್ತಿದೆ ಎಂದರ್ಥ. ರೆಡ್‌ಆಕ್ಸೈಡ್ ನೆಲ, ಗಾರೆ ಗೋಡೆ ಇರುವಲ್ಲಿ ಇದು ಇದ್ದೇ ಇರುತ್ತದೆ. ಹತ್ತಿಯ ಹಾಸಿಗೆ ಒಂದನ್ನು ನೀವು ಕೂರುವ ಜಾಗದ ಬೆನ್ನ ಹಿಂದೆ ಗೋಡೆಗೆ ಒರಗಿಸಿ ನಿಲ್ಲಿಸಿ, ಇನ್ನೊಂದನ್ನು ಪಕ್ಕದ ಗೋಡೆಗೆ. ಹೆಚ್ಚಿನವರು ಮೈಕಿನ ಹಿಂದೆ ಹಾಸಿಗೆ ಇಡುತ್ತಾರೆ. ಕಾರ್ಡಿಯಾಯ್ಡ್ ಮೈಕು ಹಿಂದಿನದ್ದನ್ನು ಕೇಳುವುದೇ ಕಡಿಮೆ, ಅದು ನೋಡುವುದು ನಿಮ್ಮನ್ನು ಮತ್ತು ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು. ಕಾಲಡಿಗೆ ಚಾಪೆ ಸಾಲದು, ದಪ್ಪ ಕಂಬಳಿ ಹಾಕಿ. ಮುಚ್ಚಿಗೆ, ಅಂದರೆ ಹಂಚಿನ ಕೆಳಗೆ ಹಲಗೆಯ ಹಾಸು, ಇರುವ ಕೋಣೆ ಮನೆಯಲ್ಲಿದ್ದರೆ ಅದನ್ನೇ ಹಿಡಿಯಿರಿ. ಹಂಚಿನ ಸಂದಿಯಿಂದ ಬರುವ ಕಾಗೆ, ಬಸ್ಸಿನ ಹಾರ್ನು ಎರಡನ್ನೂ ಆ ಹಲಗೆ ಸ್ವಲ್ಪ ತಡೆಯುತ್ತದೆ.

ಇರುವುದು ಒಂದೇ ಮೈಕಾದ್ದರಿಂದ ಹಾಡು, ಗಿಟಾರು ಒಟ್ಟಿಗೇ ಹಿಡಿಯಿರಿ. ಮೈಕು ನಿಮ್ಮಿಂದ 45ರಿಂದ 60 ಸೆಂ.ಮೀ. ದೂರ, ಎದೆಯ ಮಟ್ಟದಲ್ಲಿ. ದನಿ ಕಡಿಮೆಯಾದರೆ ಸ್ಟ್ಯಾಂಡನ್ನು ನಾಲ್ಕು ಬೆರಳು ಮೇಲೆತ್ತಿ, ಗಿಟಾರು ಕಡಿಮೆಯಾದರೆ ಇಳಿಸಿ. ಮಿಕ್ಸಿಂಗ್ ಎಂದರೆ ಇಷ್ಟೇ. ಮೈಕಿನ ಮೂತಿಯನ್ನು ಗಿಟಾರಿನ ತೂತಿನ ನೇರಕ್ಕೆ ತಿರುಗಿಸಬೇಡಿ. ಪೆಟ್ಟಿಗೆಯೊಳಗಿನ ಗಾಳಿ 100 ಹರ್ಟ್ಝ್ ಆಸುಪಾಸಿನಲ್ಲಿ ಗುಂಯ್‌ಗುಡುತ್ತದೆ, ಅಲ್ಲಿಟ್ಟರೆ ಬರುವುದು ಬರೇ ಆ ಗುಂಯ್. ಕುತ್ತಿಗೆ ಪೆಟ್ಟಿಗೆಗೆ ಸೇರುವ 12ನೇ–14ನೇ ಫ್ರೆಟ್ಟಿನ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಯ) ಕಡೆ ವಾಲಿಸಿ. ರೆಕಾರ್ಡಿಂಗ್ 24 ಬಿಟ್, 48 ಕಿಲೋಹರ್ಟ್ಝ್. ಅತಿ ಜೋರಿನ ಜಾಗದಲ್ಲೂ ಮೀಟರು ಮೈನಸ್ 10 ಡಿಬಿ ದಾಟದಂತೆ ಗೇನ್ ಇಡಿ.

ಮುಂದೆ ಎರಡನೇ ಮೈಕು ಕೊಂಡರೆ ಒಂದು ಎಚ್ಚರಿಕೆ. ಗಿಟಾರಿನ ಸದ್ದು ಒಂದು ಮೈಕಿಗಿಂತ ಇನ್ನೊಂದಕ್ಕೆ 34 ಸೆಂ.ಮೀ. ಹೆಚ್ಚು ದೂರ ಹೋಗಬೇಕಾದರೆ 1 ಮಿಲಿಸೆಕೆಂಡ್ ತಡವಾಗುತ್ತದೆ. ಎರಡನ್ನೂ ಸಮಸಮ ಕೂಡಿಸಿದಾಗ 500, 1500, 2500 ಹರ್ಟ್ಝ್‌ನಲ್ಲಿ ಸದ್ದು ಒಂದನ್ನೊಂದು ತಿಂದುಹಾಕುತ್ತದೆ. ಗಿಟಾರು ಪೈಪಿನೊಳಗಿಂದ ಬಂದಂತೆ ಕೇಳುವುದು ಇದರಿಂದಲೇ. ಆಗ ಮೈಕನ್ನು ಸರಿಸಬೇಕು, ಈಕ್ವಲೈಸರ್ ತಿರುಗಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ಬೇಸಗೆಯಲ್ಲಿ ಚೆನ್ನಾಗಿದ್ದ ಗಿಟಾರು ಜುಲೈಗೆ ಒತ್ತಲಿಕ್ಕೇ ಆಗುವುದಿಲ್ಲ, ತಂತಿ ಅಷ್ಟು ಮೇಲೆದ್ದಿದೆ. ರಿಪೇರಿಯವರು ಸ್ಯಾಡಲ್ (ಬ್ರಿಡ್ಜಿನ ಮೇಲೆ ತಂತಿ ಕೂರುವ ಪಟ್ಟಿ) ಉಜ್ಜಿ ತಗ್ಗಿಸುತ್ತೇನೆ ಎನ್ನುತ್ತಾರೆ. ಉಜ್ಜಿಸಬಹುದಾ? (ಮಲ್ಪೆಯ ಓದುಗರು)

ಉತ್ತರ: ಜುಲೈಯಲ್ಲಿ ಬೇಡವೇ ಬೇಡ. ಮಳೆಗಾಲದ ತೇವಕ್ಕೆ ಮೇಲ್ಹಲಗೆ ಉಬ್ಬಿ ತಂತಿ ಕಟ್ಟಿರುವ ಬ್ರಿಡ್ಜನ್ನು ಎತ್ತಿದೆ, ಅದರ ಜೊತೆ ತಂತಿಯೂ ಎದ್ದಿದೆ. ಈಗ ಉಜ್ಜಿದರೆ ಜನವರಿಗೆ ಹಲಗೆ ತನ್ನ ಜಾಗಕ್ಕೆ ಇಳಿದಾಗ ತಂತಿ ಫ್ರೆಟ್ಟಿಗೆ ಬಡಿದು ಜರ್‌ಗುಟ್ಟುತ್ತದೆ, ಆಗ ಹೊಸ ಸ್ಯಾಡಲ್ಲೇ ಹಾಕಬೇಕು. ಅಳೆದು ನೋಡಿ: 12ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿಯ ಎತ್ತರ ಸುಮಾರು 2.4 ಮಿ.ಮೀ., ಸಪೂರ ತಂತಿಯದ್ದು 1.8 ಮಿ.ಮೀ. ಇದ್ದರೆ ಸರಿ. ಮಳೆ ಕಳೆದ ಮೇಲೂ 3 ಮಿ.ಮೀ. ಇದ್ದರೆ ಮಾತ್ರ ಉಜ್ಜುವ ಮಾತು. ಲೆಕ್ಕ ಹೀಗೆ: 12ನೇ ಫ್ರೆಟ್ಟಿನಲ್ಲಿ ಅರ್ಧ ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ 1 ಮಿ.ಮೀ. ತೆಗೆಯಬೇಕು.

ಅಷ್ಟರವರೆಗೆ ತೇವ ತಗ್ಗಿಸಿ. ಗಿಟಾರಿಗೆ ಹಿತವಾದದ್ದು 45ರಿಂದ 55 ಶೇಕಡಾ ಆರ್ದ್ರತೆ. ಕಡಲಬದಿಯ ಮಳೆಗಾಲದಲ್ಲಿ ಅದು 90 ಮುಟ್ಟುವುದು ಸಾಮಾನ್ಯ, ಕೋಣೆಯನ್ನೇ ಒಣಗಿಸುವುದು ಕಷ್ಟ. ಆದ್ದರಿಂದ ಗಟ್ಟಿ ಕೇಸು ಇಟ್ಟುಕೊಳ್ಳಿ. ಅದರೊಳಗೆ ಹತ್ತಿ ಬಟ್ಟೆಯ ಎರಡು ಚೀಲದಲ್ಲಿ ತಲಾ 75 ಗ್ರಾಂ ಸಿಲಿಕಾ ಜೆಲ್, ಒಂದು ತಲೆಯ ಕಡೆ, ಒಂದು ಕುತ್ತಿಗೆಯ ಕೆಳಗೆ. ಕಿತ್ತಳೆ ಬಣ್ಣದ್ದು ತೆಗೆದುಕೊಳ್ಳಿ. ನೀಲಿಯದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಬಣ್ಣ ಹಸಿರಿಗೆ ತಿರುಗಿದಾಗ ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಜೂನ್–ಆಗಸ್ಟಿನಲ್ಲಿ ಮೇಲಿಂದ ಮೇಲೆ ಒಣಗಿಸಬೇಕಾಗುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದು ಎಂದುಕೊಳ್ಳಬೇಡಿ. 40ಕ್ಕಿಂತ ಕೆಳಗೆ ಹೋದರೆ ಹಲಗೆ ಬಿರಿಯುತ್ತದೆ.

ಕೇಸಿನೊಳಗೆ ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಒಂದು ಇರಲಿ. ಅಗ್ಗದವು ಐದು-ಹತ್ತು ಅಂಕ ಆಚೀಚೆ ತೋರಿಸುವುದುಂಟು. ಪರೀಕ್ಷೆಗೆ ಅಡುಗೆಮನೆಯ ಉಪ್ಪು ಸಾಕು: ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ನಾಲ್ಕೈದು ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಪೂರ್ತಿ ಕರಗಬಾರದು. ಮುಚ್ಚಳವನ್ನೂ ಹೈಗ್ರೋಮೀಟರನ್ನೂ ಒಟ್ಟಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿಯಾಡದಂತೆ ಮುಚ್ಚಿ ಒಂದು ರಾತ್ರಿ ಬಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿ ಯಾವಾಗಲೂ 75 ಶೇಕಡಾ. ನಿಮ್ಮದು 81 ತೋರಿಸಿದರೆ ಮುಂದೆ ಪ್ರತಿ ಸಲ 6 ಕಳೆದು ಓದಿಕೊಳ್ಳಿ.

ಹೊಸ ಗಿಟಾರು ಕೊಳ್ಳುವ ಯೋಚನೆ ಇರುವವರಿಗೆ ಒಂದು ಮಾತು. ಅಂಗಡಿಯವರು ‘ಸಾಲಿಡ್ ಟಾಪ್’ ಎಂದು ಹೊಗಳುವ ಒಂದೇ ಮರದ ಮೇಲ್ಹಲಗೆಯ ದನಿ ನಿಜಕ್ಕೂ ಚೆಂದ, ಆದರೆ ಅದಕ್ಕೆ ಮೇಲೆ ಹೇಳಿದ ಚಾಕರಿ ಎಲ್ಲ ಬೇಕು. ಆಗುವುದಿಲ್ಲ ಎಂದಾದರೆ ಪದರ ಅಂಟಿಸಿದ ಲ್ಯಾಮಿನೇಟ್ ಹಲಗೆಯದ್ದನ್ನೇ ಕೊಳ್ಳಿ.

ಪ್ರಶ್ನೆ: ಎಷ್ಟು ಎಚ್ಚರವಹಿಸಿದರೂ ಹಿಂದೆ ‘ಹೂಂ’ ಎಂಬ ಸದ್ದು, ಜೊತೆಗೆ ಜೀರುಂಡೆ. ರಾತ್ರಿ ಯಾವ ಹೊತ್ತು ಒಳ್ಳೆಯದು? (ಮೂಡುಬಿದಿರೆಯ ಓದುಗರು)

ಉತ್ತರ: ‘ಹೂಂ’ ಬರುವುದು ಕರೆಂಟಿನಿಂದ. 50 ಹರ್ಟ್ಝ್ ಮತ್ತು ಅದರ ದುಪ್ಪಟ್ಟು 100. ಗಿಟಾರಿನ ದಪ್ಪ ತಂತಿಯ ಸ್ವರ 82 ಹರ್ಟ್ಝ್, ಅದೇ ತಂತಿಯ 3ನೇ ಫ್ರೆಟ್ಟಿನದ್ದು 98. ಅಂದರೆ ಹೂಂಕಾರವನ್ನು ಕತ್ತರಿಸಲು ಹೋದರೆ ಗಿಟಾರಿನ ಹೊಟ್ಟೆಯೂ ಹೋಗುತ್ತದೆ. ಮೂಲದಲ್ಲೇ ನಿಲ್ಲಿಸಿ: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ, ಇನ್‌ವರ್ಟರ್ ಇರುವ ಗೋಡೆಯಿಂದ ದೂರ ಕೂರಿ, ಮೈಕಿನ ವಯರನ್ನು ಕರೆಂಟಿನ ವಯರಿನ ಪಕ್ಕದಲ್ಲಿ ಎಳೆಯಬೇಡಿ, ದಾಟಲೇಬೇಕಾದರೆ ಅಡ್ಡಕ್ಕೆ ದಾಟಿಸಿ. ಫ್ಯಾನು, ಫ್ರಿಡ್ಜು ಆಫ್. ಫ್ರಿಡ್ಜು ಆಫ್ ಮಾಡುವಾಗ ಸ್ಕೂಟರಿನ ಕೀಯನ್ನು ಅದರೊಳಗೇ ಇಡಿ. ಮತ್ತೆ ಆನ್ ಮಾಡಲು ಮರೆತು ಮೀನು ಹಾಳಾಗುವುದು ಇದರಿಂದ ತಪ್ಪುತ್ತದೆ.

ಹೊತ್ತಿನ ವಿಷಯ ಇಲ್ಲಿ ತುಸು ತೊಡಕಿನದ್ದು. ಗಿಟಾರಿಗೆ ಒಳ್ಳೆಯದು ಡಿಸೆಂಬರ್–ಫೆಬ್ರವರಿ, ಆದರೆ ಅದೇ ಯಕ್ಷಗಾನದ ಆಟ, ನೇಮ, ಕೋಲಗಳ ಕಾಲ. ಎರಡು ಮೈಲಿ ದೂರದ ಚೆಂಡೆ ಕಿವಿಗೆ ಬೀಳದಿದ್ದರೂ ಮೈಕಿಗೆ ಬೀಳುತ್ತದೆ. ಆ ತಿಂಗಳುಗಳಲ್ಲಿ ಊರಿನ ಕಾರ್ಯಕ್ರಮಗಳ ಪಟ್ಟಿ ನೋಡಿ ದಿನ ಗೊತ್ತುಮಾಡಿ, ಬೆಳಗಿನ ಜಾವ 2ರಿಂದ 4.30ರ ಒಳಗೆ ಮುಗಿಸಿ. ಮೇ ಕೊನೆಯಲ್ಲಿ ಆಟ, ನೇಮಗಳೆಲ್ಲ ಮುಗಿಯುವ ಪತ್ತನಾಜೆ ಕಳೆದು ಮಳೆ ಹಿಡಿಯುವವರೆಗಿನ ಕೆಲವು ದಿನ ಧ್ವನಿವರ್ಧಕವೂ ಇಲ್ಲ, ಮಳೆಯೂ ಇಲ್ಲ. ಸೆಕೆ ಮಾತ್ರ ಜೀವ ಹಿಂಡುತ್ತದೆ. ಕೈ ಬೆವರಿ ತಂತಿ ಜಾರುತ್ತದೆ, ಎರಡು ಟೇಕಿಗೊಮ್ಮೆ ಶ್ರುತಿ ಇಳಿಯುತ್ತದೆ. ಆದರೂ ನಮ್ಮ ಓಟು ಆ ದಿನಗಳಿಗೇ.

ಜೀರುಂಡೆಯನ್ನು ನಾಯ್ಸ್ ರಿಡಕ್ಷನ್‌ನಿಂದ ತೆಗೆದರೆ ದನಿ ನೀರೊಳಗಿಂದ ಬಂದಂತಾಗುತ್ತದೆ. ಇರಲಿ ಬಿಡಿ, ಹಾಡಿನ ಉದ್ದಕ್ಕೂ ಒಂದೇ ಸಮ ಇದ್ದರೆ ಕಿವಿ ಅದನ್ನು ಮರೆಯುತ್ತದೆ, ನಡುವೆ ತುಂಡಾದರೆ ಮಾತ್ರ ಗೊತ್ತಾಗುತ್ತದೆ. ಅದಕ್ಕಾಗಿ ಪ್ರತಿ ರಾತ್ರಿ ನೀವು ಅಲ್ಲಾಡದೆ ಕೂತು ಖಾಲಿ ಕೋಣೆಯ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಎಲ್ಲಿ ಕತ್ತರಿಸಿ ಜೋಡಿಸುತ್ತೀರೋ ಅಲ್ಲಿ ತೇಪೆಗೆ ಬೇಕಾಗುತ್ತದೆ.

ಪ್ರಶ್ನೆ: ಈ ಧಾಟಿಗೆ ಕನ್ನಡದ ಸಾಹಿತ್ಯ ಕೂರುವುದೇ ಇಲ್ಲ. ಇಂಗ್ಲಿಷಿನಲ್ಲಿ ಸಲೀಸಾಗಿ ಹೋಗುವ ರಾಗದಲ್ಲಿ ಕನ್ನಡದ ಪದಗಳು ಕುಂಟುತ್ತವೆ. ತಪ್ಪು ಎಲ್ಲಿದೆ? (ಮಣಿಪಾಲದ ವಿದ್ಯಾರ್ಥಿನಿ)

ಉತ್ತರ: ಈ ಸಲ ಬಂದ ಪ್ರಶ್ನೆಗಳಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಇದು. ತಪ್ಪು ಸಾಲಿನ ಮೊದಲ ಅಕ್ಷರದಲ್ಲಿದೆ. ಇಂಗ್ಲಿಷ್ ಬ್ಯಾಲಡ್‌ನ ಸಾಲು ಸಾಮಾನ್ಯವಾಗಿ ಒಂದು ಹಗುರ ಅಕ್ಷರದಿಂದ ಶುರುವಾಗಿ ಎರಡನೆಯದರ ಮೇಲೆ ಪೆಟ್ಟು ಬೀಳುತ್ತದೆ. ರಾಗವೂ ತಾಳಕ್ಕಿಂತ ಅರ್ಧ ಹೆಜ್ಜೆ ಮುಂಚೆ ಎತ್ತಿಕೊಳ್ಳುತ್ತದೆ. ಕನ್ನಡದ ಪದಕ್ಕೆ ಒತ್ತು ತಲೆಯಲ್ಲೇ. ಆ ರಾಗಕ್ಕೆ ‘ಮಳೆ’ ಎಂದು ಎತ್ತಿದರೆ ‘ಮ’ ತಾಳಕ್ಕೆ ಮೊದಲೇ ಜಾರಿಹೋಗಿ ‘ಳೆ’ ಮೇಲೆ ಪೆಟ್ಟು ಬಿದ್ದು ‘ಮ-ಳೇ’ ಆಗುತ್ತದೆ. ಕುಂಟುವುದು ಇದೇ. ಒಂದೋ ರಾಗದ ಆ ಮುಂಚಿತ ಎತ್ತುಗಡೆಯನ್ನು ಕಿತ್ತುಹಾಕಿ ಮೊದಲ ಪೆಟ್ಟಿಗೇ ಪದ ಶುರುಮಾಡಿ. ಇಲ್ಲವೇ ಆ ಜಾಗಕ್ಕೆ ‘ಅದು’, ‘ಇದು’, ‘ಬರಿ’ ಇಂಥ ಎರಡು ಲಘುವಿನ ಪುಟ್ಟ ಪದ ತುಂಬಿ, ನಿಜವಾದ ಪದವನ್ನು ಪೆಟ್ಟಿಗೆ ಕೊಡಿ.

ಕಂಟ್ರಿಯ ವಾಲ್ಟ್ಜ್, ಅಂದರೆ ಮೂರು ಎಣಿಕೆಯ ಲಯ, ಕನ್ನಡಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಮ್ಮಲ್ಲಿ ಮೂರು ಮಾತ್ರೆಯ ಗಣ ಮೊದಲೇ ಉಂಟಲ್ಲ. ಮಾದರಿಗೆ ಎರಡು ಸಾಲು ಕಟ್ಟಿ ನೋಡೋಣ:

ಮಳೆಯು | ನಿಂತು | ಬಸ್ಸು | ಬಂತು
ಉಳಿದು | ದೊಂದು | ಹಳೆಯ | ಕೊಡೆಯು

ಪ್ರತಿ ತುಂಡೂ ಮೂರು ಮಾತ್ರೆ. ‘ನಿಂ’ ಎರಡು, ‘ತು’ ಒಂದು. ‘ಮ’, ‘ಳೆ’, ‘ಯು’ ಒಂದೊಂದು. ಹೆಬ್ಬೆರಳಿನಿಂದ ಬೇಸ್ ತಂತಿ ಒಮ್ಮೆ, ಬೆರಳಿನಿಂದ ಸಪೂರ ತಂತಿಗಳು ಎರಡು ಸಲ, ಅಷ್ಟರಲ್ಲಿ ಒಂದು ಗಣ ಮುಗಿಯುತ್ತದೆ. ಪ್ರಾಸವನ್ನೂ ಗಮನಿಸಿ. ಕನ್ನಡದ ಪದಗಳೆಲ್ಲ ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ಸಾಲಿನ ಕೊನೆಯ ಪ್ರಾಸ ಅಗ್ಗ, ‘-ತು’, ‘-ದೆ’ ಎಂದು ಎಷ್ಟು ಬೇಕಾದರೂ ಸಿಗುತ್ತದೆ, ಕೇಳಿದವರಿಗೆ ಜಾಹೀರಾತಿನ ನೆನಪಾಗುತ್ತದೆ. ಇಲ್ಲಿ ‘ಮಳೆ’, ‘ಉಳಿ’ ಎಂದು ಎರಡನೆಯ ಅಕ್ಷರ ಹೊಂದಿದೆ. ಹಳಬರ ಆದಿಪ್ರಾಸ ಅದು, ಮೆಲುದನಿಯಲ್ಲಿ ಹಾಡುವಾಗ ಕಿವಿಗೆ ಹೊಡೆಯದೆ ಸಾಲುಗಳನ್ನು ಕಟ್ಟಿಹಾಕುತ್ತದೆ. ನಾಲ್ಕು ಎಣಿಕೆಯ ಹಾಡಿಗೆ ನಾಲ್ಕು ಮಾತ್ರೆಯ ಪದ ಹುಡುಕಿ: ‘ಬಾಗಿಲು’, ‘ತೆರೆಯದೆ’, ‘ಕಾದಳು’.

ಇನ್ನೊಂದು, ‘ನೋವು’, ‘ಕಣ್ಣೀರು’, ‘ವಿರಹ’ ಈ ಮೂರು ಪದಗಳನ್ನು ಮೊದಲ ಕರಡಿನಲ್ಲೇ ಹೊಡೆದುಹಾಕಿ. ನಾಟಿಗದ್ದೆಯಲ್ಲಿ ಒಬ್ಬರು ಹೇಳಿ ಉಳಿದವರು ಹಿಡಿಯುವ ತುಳು ಪಾಡ್ದನ ಕೇಳಿದ್ದರೆ ಗೊತ್ತಿರುತ್ತದೆ. ಪಾಡ್ದನದ ನಾಯಕಿ ಸಿರಿಯ ಬದುಕಿನಲ್ಲಿ ಆದದ್ದನ್ನೆಲ್ಲ ಅವರು ಹೇಳುವುದು ನೇಜಿ ನೆಡುವ ಕೈಯ ಅದೇ ನಿಧಾನದಲ್ಲಿ, ದನಿ ನಡುಗಿಸದೆ. ಎಲ್ಲಿಗೆ ಹೋದಳು, ಏನು ಹೇಳಿದಳು, ಯಾರು ಬಾಗಿಲು ಹಾಕಿದರು, ಅಷ್ಟೇ. ಅಮೆರಿಕದ ಹಳೆಯ ಬ್ಯಾಲಡ್‌ಗಳ ಕ್ರಮವೂ ಇದೇ. ನಿಮ್ಮ ಹತ್ತಿರ ಕೊಡೆ, ಬಸ್ಸು, ಸ್ಟಾಪಿನ ಹಲಗೆ ಇದ್ದರೆ ವಿರಹ ಬೇರೆ ಬೇಡ.

ಪ್ರಶ್ನೆ: ಈ ಹಾಡುಗಳಲ್ಲಿ ತಂತಿಯನ್ನು ಬೇರೆ ಥರ ಶ್ರುತಿ ಮಾಡುತ್ತಾರಂತೆ. ಭಜನೆಯ ಹಾರ್ಮೋನಿಯಂ ಲೆಕ್ಕದಲ್ಲಿ ತಿಳಿಸಿ. (ಮಂಗಳೂರು ಬೆಂದೂರಿನ ಓದುಗರು)

ಉತ್ತರ: ಕಲಿಯಲು ಸುಲಭವಾದದ್ದು ಡಿ-ಎ-ಡಿ-ಜಿ-ಎ-ಡಿ. ಇಂಗ್ಲೆಂಡಿನ ಡೇವಿ ಗ್ರಹಾಂ 1960ರ ದಶಕದ ಆರಂಭದಲ್ಲಿ ಬಳಕೆಗೆ ತಂದದ್ದು. ಮಾಮೂಲಿ ಶ್ರುತಿಯಿಂದ 6ನೇ, 2ನೇ, 1ನೇ ತಂತಿಗಳನ್ನು ಒಂದೊಂದು ಪೂರ್ಣ ಸ್ವರ ಇಳಿಸಿದರೆ ಮುಗಿಯಿತು. ಷಡ್ಜ ಬಿಳಿ ಎರಡು. ತೆರೆದ ತಂತಿಗಳಲ್ಲಿ ಸ, ಪ, ಸ, ಮ, ಪ, ಸ ಸಿಗುತ್ತದೆ. ಗಾಂಧಾರ ಇಲ್ಲದ್ದರಿಂದ ಮೇಜರೂ ಅಲ್ಲ ಮೈನರೂ ಅಲ್ಲ, ತಂಬೂರಿಯ ಹಾಗೆ ಹಾಡುವವರ ಇಷ್ಟಕ್ಕೆ ಬಿಟ್ಟದ್ದು. ಕೇಪೋವನ್ನು (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್ಪನ್ನು) 1ನೇ ಫ್ರೆಟ್ಟಿಗೆ ಹಾಕಿದರೆ ಕಪ್ಪು ಎರಡು, 2ನೇ ಫ್ರೆಟ್ಟಿಗೆ ಬಿಳಿ ಮೂರು. ತಂತಿ ಸಡಿಲವಾಗಿ ಬಡಿದರೆ (ಸಪೂರ ತಂತಿಯ ದಪ್ಪ ಇಂಚಿನಲ್ಲಿ) .012ರ ಸೆಟ್ಟಿನ ಬದಲು .013ರದ್ದು ಹಾಕಿ. ಶ್ರುತಿ ಇಳಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ತಂತಿ ತಾನಾಗಿ ಸ್ವಲ್ಪ ಮೇಲೆ ಏರಿರುತ್ತದೆ.

ಪ್ರಶ್ನೆ: ಕಂಟ್ರಿ ಹಾಡಿನಲ್ಲಿ ಹಿಂದೆ ಅಳುವ ಹಾಗೆ ಕೇಳುವ ವಾದ್ಯ ಯಾವುದು? ನಮ್ಮಲ್ಲಿ ಅದಕ್ಕೆ ಬದಲಿ ಏನು? (ಕುಂದಾಪುರದ ಓದುಗರು)

ಉತ್ತರ: ಪೆಡಲ್ ಸ್ಟೀಲ್ ಗಿಟಾರು, ಸಾಮಾನ್ಯವಾಗಿ ಹತ್ತು ತಂತಿಯದ್ದು. ಕಾಲಿನ ಪೆಡಲ್, ಮೊಣಕಾಲಿನ ಲಿವರ್‌ಗಳಿಂದ ತಂತಿಯ ಶ್ರುತಿಯನ್ನೇ ನುಡಿಸುವಾಗ ಏರಿಸಿ ಇಳಿಸುತ್ತಾರೆ. ಕೊಳ್ಳುವ ಆಸೆ ಬೇಡ. ಬೆಲೆಯೂ ಜಾಸ್ತಿ, ಕಲಿಯಲು ವರ್ಷಗಳು ಬೇಕು. ಹಳೆಯ ಗಿಟಾರೊಂದಕ್ಕೆ ನಟ್ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಎತ್ತರಿಸುವ ಲೋಹದ ತುಂಡು ಹಾಕಿ, ಮಡಿಲಲ್ಲಿ ಮಲಗಿಸಿ, ಡಿ-ಎ-ಡಿ-ಎಫ್ ಶಾರ್ಪ್-ಎ-ಡಿ ಶ್ರುತಿಯಲ್ಲಿ ಉಕ್ಕಿನ ಬಾರ್ ಜಾರಿಸಿ. ಬಾರ್ ನಿಲ್ಲಬೇಕಾದದ್ದು ಫ್ರೆಟ್ ತಂತಿಯ ನೆತ್ತಿಯ ಮೇಲೆ. ಗಿಟಾರು ರೂಢಿಯಿರುವವರು ಬೆರಳಿಡುವ ಅಭ್ಯಾಸದಿಂದ ಫ್ರೆಟ್ಟಿನ ಹಿಂದೆ ಇಟ್ಟು ಸ್ವರ ತಗ್ಗಿಸುತ್ತಾರೆ. ಬಾರ್ ಹಿಡಿದ ಕೈಯ ಉಳಿದ ಬೆರಳುಗಳು ಹಿಂದಿನ ತಂತಿಯನ್ನು ಮೆಲ್ಲಗೆ ಮುಟ್ಟಿಕೊಂಡಿರಲಿ, ಇಲ್ಲದಿದ್ದರೆ ಕಿರಿಕಿರಿ ಸದ್ದು. ಚರ್ಚಿನ ಕಾಯರ್‌ನಲ್ಲಿ ಪಿಟೀಲು ನುಡಿಸುವವರ ಪರಿಚಯ ಇದ್ದರೆ ಅದು ಇನ್ನೂ ಸುಲಭ. ಎರಡು ತಂತಿ ಒಟ್ಟಿಗೆ, ಕಂಪನ ಇಲ್ಲದೆ, ಸಾಲಿಗೊಂದೇ ಜಾರು.

ಪ್ರಶ್ನೆ: ಹಾಡಿನ ಹಿಂದೆ ಮಳೆಯ ಸದ್ದು ಸೇರಿಸಿದರೆ ಹೇಗೆ? (ಕಾಪುವಿನ ಓದುಗರು)

ಉತ್ತರ: ಬೇಡ. ಎಲ್ಲರೂ ಮಾಡಿ ಮುಗಿಸಿದ್ದಾರೆ. ಹೋಗಲಿ ಎಂದರೂ ಹಂಚಿನ ಮೇಲಿನ ಮಳೆಯಲ್ಲಿ ಎಲ್ಲ ಮಟ್ಟದ ಸದ್ದೂ ಇರುವುದರಿಂದ ಹಾಡಿನ ‘ಸ’, ‘ಶ’ಗಳನ್ನು ನುಂಗಿಹಾಕುತ್ತದೆ.

ಪ್ರಶ್ನೆ: ಹನ್ನೆರಡು ಹಾಡು ಸಿದ್ಧವಿದೆ, ಎಲ್ಲವೂ ನಿಧಾನ. ಕೇಳುವವರಿಗೆ ಬೇಸರ ಬಾರದ ಹಾಗೆ ಜೋಡಿಸುವುದು ಹೇಗೆ? ಸದ್ದು ಎಷ್ಟಿರಬೇಕು? (ಮಂಗಳೂರು ಕದ್ರಿಯ ಓದುಗರು)

ಉತ್ತರ: ಮೊದಲು ಮೂರು ಹಾಡು ತೆಗೆದುಹಾಕಿ. ನಿಕ್ ಡ್ರೇಕ್ ಅವರ ‘ಪಿಂಕ್ ಮೂನ್’ (1972) 11 ಹಾಡಿದ್ದರೂ ಸುಮಾರು 28 ನಿಮಿಷದಲ್ಲಿ ಮುಗಿಯುತ್ತದೆ. ಒಂದು ಹಾಡಿನ ತುಸು ಪಿಯಾನೋ ಬಿಟ್ಟರೆ ಉಳಿದದ್ದೆಲ್ಲ ಗಿಟಾರು ಮತ್ತು ದನಿ. ಇಷ್ಟು ಕಡಿಮೆ ಸಾಮಾನಿನಲ್ಲಿ ಅರ್ಧ ಗಂಟೆ ದಾಟಿದರೆ ಕಿವಿ ಬೇರೆ ಕಡೆ ತಿರುಗುತ್ತದೆ. ವೇಗ ಬದಲಿಸಲು ಮನಸ್ಸಿಲ್ಲದಿದ್ದರೆ ಬೇರೇನಾದರೂ ಬದಲಿಸಿ: ಪಕ್ಕಪಕ್ಕದ ಎರಡು ಹಾಡು ಒಂದೇ ಶ್ರುತಿಯಲ್ಲಿ ಇರಬಾರದು, ಎರಡೂ ಮೂರು ಎಣಿಕೆಯವು ಆಗಬಾರದು, ನಾಲ್ಕನೆಯದೋ ಐದನೆಯದೋ ಬರೇ ಗಿಟಾರಿನದ್ದಾಗಲಿ. ಮೆಟ್ರೋನೋಮ್ ಕಿವಿಗೆ ಹಾಕಿಕೊಂಡು ನುಡಿಸಬೇಡಿ, ಕ್ಲಿಕ್ ಸದ್ದು ಹೆಡ್‌ಫೋನಿನಿಂದ ಸೋರಿ ಮೈಕಿಗೆ ಸೇರುತ್ತದೆ. ಶುರುವಿಗೆ ಮೊದಲು ಹದಿನೈದು ಸೆಕೆಂಡ್ ಕೇಳಿ ಆಫ್ ಮಾಡಿ. ಹಾಡಿನ ಕೊನೆಯ ತಂತಿ ಪೂರ್ತಿ ಅಡಗುವವರೆಗೆ ಉಸಿರು ಹಿಡಿದು ಕೂರಿ, ಆಮೇಲೆ ಮುಂದಿನ ಹಾಡಿಗೆ ನಾಲ್ಕು ಸೆಕೆಂಡ್ ಬಿಡಿ.

ಸದ್ದನ್ನು ಹಿಂಡಿ ಜೋರು ಮಾಡಲು ಹೋಗಬೇಡಿ. ಸ್ಪಾಟಿಫೈಯಂಥ ಕಡೆ ಎಲ್ಲವನ್ನೂ, ಕಿವಿಗೆ ಕೇಳುವ ಜೋರಿನ ಅಳತೆಯಲ್ಲಿ, ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ಹೊಂದಿಸುವುದರಿಂದ ಜೋರು ಮಾಡಿದ್ದು ಹೇಗೂ ತಗ್ಗುತ್ತದೆ. ಇಂಥ ಆಲ್ಬಮ್ ಮೈನಸ್ 16ರಿಂದ 18ರ ನಡುವೆ ಇದ್ದು, ತುದಿ ಮೈನಸ್ 1 ಡಿಬಿ ದಾಟದಿದ್ದರೆ ಸಾಕು. ಜೋರು-ಮೆಲುವಿನ ಅಂತರ ತಗ್ಗಿಸುವ ಕಂಪ್ರೆಸರ್ ಹೆಚ್ಚಿಸಿದಷ್ಟೂ ಸಾಲುಗಳ ನಡುವಿನ ಮೌನದಲ್ಲಿ ಜೀರುಂಡೆ ಮೇಲೇಳುತ್ತದೆ. ಕೊನೆಗೆ ಅಳತೆ ನೋಡುವುದು ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ, ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟಿರುವಾಗ. ಅಲ್ಲಿ ಮಾತು ಅರ್ಥವಾದರೆ ದನಿಯ ಮಟ್ಟ ಸರಿಯಿದೆ; ಆಗದಿದ್ದರೆ ಗಿಟಾರನ್ನು 1 ಡಿಬಿ ತಗ್ಗಿಸಿ, ಒಂದೇ ಮೈಕಿನಲ್ಲಿ ಹಿಡಿದದ್ದಾದರೆ ಸ್ಟ್ಯಾಂಡ್ ಎತ್ತಿ ಆ ಹಾಡನ್ನು ಮತ್ತೊಮ್ಮೆ ಹಾಡಿ.